ಭಟ್ಟಿ ಕೋಣೆಯ ಕಿಂಡಿ

ಕೊಡಬೇಕೋ, ಬೇಡವೋ? ಬೇಡ ಎಂದು ಅಮ್ಮ ಹಿಂದಿನ ದಿನ ಊಟಕ್ಕೆ ಕೂತಾಗಲೇ ಹೇಳಿ ಮುಗಿಸಿದ್ದಳು. ಆದರೆ ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮಾತನ್ನು ಗೊತ್ತಿದ್ದವನು ತಲೆಬಾಗಿ ಕೇಳಿದರೆ ಅದಕ್ಕೆ ಏನು ಹೆಸರು? ಉದ್ದ ಹಿಡಿಯ ಹಲಗೆಯ ತುದಿಯಲ್ಲಿ ದಿನದ ಮೊದಲ ಬ್ರೆಡ್ಡು ಹಬೆಯಾಡುತ್ತಿತ್ತು. ಅವನು ಹಲಗೆಯನ್ನು ಕೆಳಗಿಡದೆ ನಿಂತಿದ್ದ. ಭಟ್ಟಿಯ ಬಾಯಿಂದ ಬರುವ ಝಳ ಎದೆಗೆ ತಾಗುತ್ತಿತ್ತು. ಬೆನ್ನ ಹಿಂದೆ ಕಿಂಡಿ ಇತ್ತು.

ಕಿಂಡಿ ಎಂದರೆ ಭಟ್ಟಿ ಕೋಣೆಯ ಹಿಂಗೋಡೆಯಲ್ಲಿ ಎದೆಯ ಎತ್ತರಕ್ಕೆ ಬಿಟ್ಟಿದ್ದ ಒಂದು ಸಣ್ಣ ತೆರಪು. ಒಂದು ಬ್ರೆಡ್ಡು, ಅದನ್ನು ಹಿಡಿದ ಎರಡು ಕೈ, ಇಷ್ಟು ಹಾಯುವಷ್ಟು ಅಗಲ. ಅದಕ್ಕೊಂದು ಮರದ ಬಾಗಿಲು. ಆಚೆಗೆ ಗಾರೆಯಜ್ಜಿಯ ಹಿತ್ತಲು. ಗಂಡ ಗಾರೆ ಕೆಲಸದವನಾಗಿದ್ದರಿಂದ ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಹಲಗೆ ಹಿಡಿದು ನಿಂತಿದ್ದ ಅವನಿಗೆ ಬುದ್ಧಿ ಬಂದಾಗಿನಿಂದಲೂ ಬೆಳಗಿನ ಮೊದಲ ಬ್ರೆಡ್ಡು ಆ ಕಿಂಡಿಯಿಂದ ಆಚೆ ಹೋಗುತ್ತಿತ್ತು. ಅಜ್ಜಿ ಎರಡೂ ಕೈ ಚಾಚಿ ತೆಗೆದುಕೊಂಡು "ಬಂತು" ಎನ್ನುತ್ತಿದ್ದಳು. ಮೊದಲು ಅಪ್ಪ, ಆಮೇಲೆ ಅವನು, "ಹೂಂ" ಎನ್ನುತ್ತಿದ್ದರು. ಅಷ್ಟರಲ್ಲಿ ಎರಡು ಮನೆಯ ವ್ಯವಹಾರ ಮುಗಿಯುತ್ತಿತ್ತು.

ಅಪ್ಪ ಸತ್ತು ಆಗತಾನೆ ತಿಂಗಳು ತುಂಬಿತ್ತು. ಮೈದಾ ದುಬಾರಿಯಾಗಿದೆ, ಸೌದೆ ದುಬಾರಿಯಾಗಿದೆ, ಇನ್ನು ಕೈ ಬಿಗಿ ಹಿಡಿಯಬೇಕು ಎಂದು ಅಮ್ಮ ಲೆಕ್ಕ ಹಾಕುತ್ತಾ ಹೋದವಳು ಆ ಬ್ರೆಡ್ಡಿನ ಹತ್ತಿರ ಬಂದು ನಿಂತಿದ್ದಳು. ಅವರು ಧಾರಾಳಿ, ಕೊಟ್ಟರು. ಸತ್ತವರ ಧರ್ಮ ಸತ್ತವರ ಜೊತೆಗೇ ಹೋಗಲಿ ಎಂದಿದ್ದಳು. ಹೌದು ಅತ್ತೆ, ಎಂದು ಹೆಂಡತಿಯೂ ದನಿಗೂಡಿಸಿದ್ದಳು. ಅತ್ತೆ ಸೊಸೆ ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ಆ ಮನೆ ಬಹಳ ಕಾಲದಿಂದ ಕಂಡಿರಲಿಲ್ಲ. ಅದಕ್ಕೇ ಅಡ್ಡಮಾತು ಆಡಲು ಅವನಿಗೆ ಧೈರ್ಯ ಬಂದಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಇಷ್ಟು. ಅವನು ಇನ್ನೂ ಚಿಕ್ಕವನಿದ್ದಾಗ, ಒಂದು ಮಧ್ಯಾಹ್ನ, ಹಿಟ್ಟಿನ ಮೂಟೆಯ ಮೇಲೆ ಕೂತು ಅಪ್ಪ ಹೇಳಿದ್ದ: "ಅಜ್ಜಿಗೆ ಕೊಡೋದು ಧರ್ಮಕ್ಕಲ್ಲ ಕಣೋ. ಬಾಡಿಗೆ. ಅಂಗಡಿಯ ಹಿಂಗೋಡೆ ದಾಟಿದ್ರೆ ನಮ್ಮ ಜಾಗ ಮುಗೀತು. ಈ ಕೋಣೆ ನಿಂತಿರೋ ನೆಲ ಅವರದ್ದು." ಅಂಗಡಿ ತೆರೆದಾಗ ಅಪ್ಪನ ಹತ್ತಿರ ಭಟ್ಟಿ ಹಾಕಲು ಜಾಗವಿರಲಿಲ್ಲ. ಗಾರೆಯವನು ತನ್ನ ಹಿತ್ತಲಿನ ತುಂಡಿನಲ್ಲಿ ತಾನೇ ಇಟ್ಟಿಗೆ ಜೋಡಿಸಿ ಭಟ್ಟಿ ಕಟ್ಟಿಕೊಟ್ಟಿದ್ದ. ಬಾಡಿಗೆ ಎಷ್ಟು ಎಂದು ಕೇಳಿದಾಗ ನಕ್ಕುಬಿಟ್ಟು, ದಿನದ ಮೊದಲ ಬ್ರೆಡ್ಡು ಕೊಡು, ಅದು ಬರುವ ತನಕ ಜಾಗ ನಿನ್ನ ಕೈಯಲ್ಲಿ, ನಿಂತ ದಿನ ನನ್ನ ಕೈಗೆ ಎಂದಿದ್ದ. ಪತ್ರವಿಲ್ಲ, ರುಜುವಿಲ್ಲ. ಕಿಂಡಿಯನ್ನು ಬಿಟ್ಟಿದ್ದೇ ಬಾಡಿಗೆ ತಲುಪಲಿ ಎಂದು. ಕೊನೆಗೆ ಅಪ್ಪ, "ಊರಿಗೆಲ್ಲ ಸಾರಬೇಡ. ಆದ್ರೆ ಮರೀಬೇಡ" ಎಂದಿದ್ದ.

ಮಾತಿನ ಮೊದಲರ್ಧವನ್ನು ಅವನು ಇವತ್ತಿನವರೆಗೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದ್ದ.

ಕಿಂಡಿಯ ಆಚೆ ಚಪ್ಪಲಿ ಎಳೆದ ಸದ್ದಾಯಿತು. ಒಂದು ಸಣ್ಣ ಕೆಮ್ಮು. ಅವನು ಮೊದಲ ಬ್ರೆಡ್ಡನ್ನು ಉಳಿದವುಗಳ ಜೊತೆ ಕಪಾಟಿನಲ್ಲಿ ಸೇರಿಸಿ, ಕೆಂಡವನ್ನು ಬೇಕಾದದ್ದಕ್ಕಿಂತ ಜೋರಾಗಿ ಕೆದಕಿದ.

ಆ ಮನೆಯಲ್ಲಿ ಆಗ ಬ್ರೆಡ್ಡಿಗಿಂತ ದೊಡ್ಡ ಮಾತೊಂದು ಕುದಿಯುತ್ತಿತ್ತು. ಅಪ್ಪ ಉಯಿಲು ಬರೆದಿಟ್ಟಿದ್ದ. ಮನೆ ಅಮ್ಮನಿಗೆ, ಅಂಗಡಿ ಮಗನಿಗೆ, ಅಂಗಡಿಯ ಹಿಂದಿನ ಭಟ್ಟಿ ಕೋಣೆ ಮಗಳಿಗೆ. ವಕೀಲರು ಅದನ್ನು ಓದಿದಾಗ ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಗಂಡನ ಮನೆಯಿಂದ ಒಂದು ಹೊಲಿಗೆ ಯಂತ್ರ, ಒಂದು ಟ್ರಂಕು ಹಿಡಿದುಕೊಂಡು ಬಂದು ಮಹಡಿ ಕೋಣೆಯಲ್ಲಿ ಸೇರಿಕೊಂಡವಳು ಅವಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ತನ್ನ ಊಟದ ಖರ್ಚನ್ನು ತಾನೇ ಕೊಡುತ್ತಿದ್ದಳು. ಕೊಟ್ಟರೂ ಪ್ರತಿ ತುತ್ತನ್ನೂ ಯಾರೋ ನೋಡುತ್ತಿದ್ದಾರೆ ಎಂಬಂತೆ ಬಗ್ಗಿ ಉಣ್ಣುತ್ತಿದ್ದಳು. ಅಪ್ಪ ಬರೆದದ್ದನ್ನು ಕೇಳಿದ ದಿನ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂತು ಎರಡನೇ ಸಲ ಬಡಿಸಿಕೊಂಡಳು.

ಹೆಂಡತಿ ಆ ದಿನ ಪಾತ್ರೆ ತೊಳೆದ ಸದ್ದು ಬೀದಿಗೆ ಕೇಳುತ್ತಿತ್ತು. ಕೋಣೆಗೆ ಬಂದ ಮೇಲೆ ಅವಳು ದನಿ ತಗ್ಗಿಸಿ, ಆದರೆ ಮಾತು ತಗ್ಗಿಸದೆ ಹೇಳಿದಳು:

"ಮೈ ನಿಮಗೆ ಕೊಟ್ರು, ಹೊಟ್ಟೆ ಅವಳಿಗೆ ಕೊಟ್ರು. ಭಟ್ಟಿ ಇಲ್ಲದ ಅಂಗಡಿ ಇಟ್ಕೊಂಡು ಏನು ಮಾಡ್ತೀರಿ, ಗಾಜಿನ ಕಪಾಟು ಒರೆಸ್ತೀರಾ?"

"ಅವಳೇನು ನನ್ನನ್ನ ಹೊರಗೆ ಹಾಕ್ತಾಳಾ?"

"ಇವತ್ತು ಹಾಕಲ್ಲ. ನಾಳೆ ಅವಳ ಮನಸ್ಸು, ಅವಳ ಕೋಣೆ. ರೀ, ಏನಾದ್ರೂ ದಾರಿ ಇದ್ರೆ ನೋಡಿ. ಮಾವ ಎಲ್ಲಾನೂ ನಿಮಗೇ ಹೇಳ್ತಿದ್ರಲ್ಲ, ಯೋಚನೆ ಮಾಡಿ."

ಅವನು ಗೋಡೆ ಕಡೆ ತಿರುಗಿ ಮಲಗಿದ. ದಾರಿ ಇತ್ತು. ಅದು ತನಗೆ ಗೊತ್ತಿದ್ದದ್ದೇ ಅವನ ಕಷ್ಟ. ಆ ನೆಲ ಅಪ್ಪನದಲ್ಲ ಎಂದು ಬಾಯಿ ಬಿಟ್ಟರೆ ತಂಗಿಯ ಪಾಲು ಎಂಬುದೇ ಇರುವುದಿಲ್ಲ. ಹೆಂಡತಿ ಅದನ್ನು ಕತ್ತಿ ಮಾಡಿಕೊಳ್ಳುತ್ತಾಳೆ. ಅಣ್ಣ ಪಾಲು ತಪ್ಪಿಸಲು ಕಥೆ ಕಟ್ಟಿದ ಎಂದು ತಂಗಿ ನಂಬುತ್ತಾಳೆ. ಅಪ್ಪ ಯಾಕೆ ಹಾಗೆ ಬರೆದ? ಮರೆತನೇ, ಇಲ್ಲಾ ಮಗಳಿಗೆ ಕೊಡಲು ಬೇರೇನೂ ಇಲ್ಲವಲ್ಲ ಎಂದು ನಾಚಿಕೊಂಡು ಮರೆತವನಂತೆ ಬರೆದನೇ? ಸತ್ತವರನ್ನು ಕೇಳುವ ಹಾಗಿರಲಿಲ್ಲ.

ಉಯಿಲಿಗೆ ಕೋರ್ಟಿನ ಮುದ್ರೆ ಬೇಕಾದದ್ದು ತಂಗಿಯ ಆತುರದಿಂದ. ಇನ್ನೂ ಎರಡು ಯಂತ್ರ ಕೊಂಡು, ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಹೊಲಿಯಬೇಕೆಂದು ಅವಳಿಗೆ ಆಸೆ. ಬ್ಯಾಂಕಿನವರು ಉಯಿಲಿಗೆ ಪ್ರೊಬೇಟ್ ಮಾಡಿಸಿಕೊಂಡು ಬನ್ನಿ ಎಂದರು. ಅಪ್ಪ ಉಯಿಲು ನಡೆಸುವ ಹೊಣೆಯನ್ನು ಮಗನ ಹೆಸರಿಗೇ ಬರೆದಿದ್ದರಿಂದ ಅರ್ಜಿಗೆ ಅವನೇ ಸಹಿ ಹಾಕಬೇಕಾಯಿತು. ಹಾಕಿದ. ಅಳತೆ ನೋಡಲು ವಕೀಲರ ಗುಮಾಸ್ತ ಟೇಪು ಹಿಡಿದು ಬಂದು, ಕಿಂಡಿ ತೆರೆದು ಆಚೆಗೂ ತಲೆ ಹಾಕಿ ನೋಡಿ ಹೋದ. ಗಾರೆಯಜ್ಜಿಗೆ ವಿಷಯ ಗೊತ್ತಾದದ್ದು ಹಾಗೆ.

ಬ್ರೆಡ್ಡು ನಿಂತ ಮೇಲೆ ಒಂದು ವಾರ ಅವಳು ಏನೂ ಅಂದಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಕಿಂಡಿಯ ಹತ್ತಿರ ನಿಲ್ಲುವುದು, ಕೆಮ್ಮುವುದು, ಹೋಗುವುದು. ಗುಮಾಸ್ತ ಬಂದುಹೋದ ಮರುದಿನ ಮಾತ್ರ ಬೀದಿ ಸುತ್ತಿ ಅಂಗಡಿಯ ಮುಂಬಾಗಿಲಿಗೇ ಬಂದಳು. ಗಿರಾಕಿಗಳು ಸಾಲಾಗಿ ನಿಂತಿದ್ದರು. ಅಮ್ಮ ಗಲ್ಲಾದಲ್ಲಿ ಕೂತಿದ್ದಳು.

"ಮೊದಲನೇದು ಬರಲಿಲ್ಲ," ಎಂದಳು ಅಜ್ಜಿ.

ಅಮ್ಮ ಗಿರಾಕಿಗಳ ಮುಂದೆ ನಗುತ್ತಲೇ, ಕಾಲ ಮೊದಲಿನ ಹಾಗಿಲ್ಲ ಗಾರೆಯಮ್ಮ, ಮನೆಯ ಯಜಮಾನರೇ ಹೋದ ಮೇಲೆ ಎಲ್ಲ ಮೊದಲಿನ ಹಾಗೆ ನಡೆಯುತ್ತದೆಯೇ ಎಂದು ಸಮಾಧಾನ ಹೇಳಿ, ನಿನ್ನೆಯ ಒಂದು ಬ್ರೆಡ್ಡು, ಎರಡು ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅಜ್ಜಿ ಪೊಟ್ಟಣವನ್ನು ಮುಟ್ಟಲಿಲ್ಲ. ಹಿಂದೊಮ್ಮೆ ಹಬ್ಬದ ಗಡಿಬಿಡಿಯಲ್ಲಿ ಅಪ್ಪನೂ ಮೊದಲನೆಯದನ್ನು ಯಾರಿಗೋ ಮಾರಿ, ಬದಲಿಗೆ ನಾಲ್ಕು ಬ್ರೆಡ್ಡು ಕಳಿಸಿದ್ದ. ನಾಲ್ಕೂ ಕಿಂಡಿಯಿಂದ ವಾಪಸು ಬಂದಿದ್ದವು. ಆಗ ಮುದುಕಿಗೆ ಎಷ್ಟು ಸೊಕ್ಕು ಎಂದು ಮನೆಯವರೆಲ್ಲ ನಕ್ಕಿದ್ದರು. ಅಪ್ಪ ಮಾತ್ರ ನಕ್ಕಿರಲಿಲ್ಲ.

"ನಿಮ್ಮ ಮಗನ್ನ ಕೇಳಿ," ಎಂದಳು ಅಜ್ಜಿ, ಪೊಟ್ಟಣವನ್ನು ಎರಡು ಬೆರಳಿಂದ ಅಮ್ಮನ ಕಡೆಗೆ ಸರಿಸುತ್ತಾ. "ಅವನಿಗೆ ಗೊತ್ತು."

ಅವನು ಒಳಗಿನಿಂದ ಬನ್ನಿನ ತಟ್ಟೆ ಹೊತ್ತು ತರುತ್ತಿದ್ದ. ಅಮ್ಮ ತಿರುಗಿ ನೋಡಿದಳು. ಬಿಸಿ ತಟ್ಟೆ ಕೈಯಲ್ಲಿದ್ದದ್ದು ಅವನಿಗೆ ಅನುಕೂಲವೇ ಆಯಿತು. ಸ್ವಲ್ಪ ದಾರಿ ಬಿಡಿ ಎನ್ನುತ್ತಾ ಕಪಾಟಿನ ಹಿಂದೆ ಹೋದ. ಹೊರಬಂದಾಗ ಅಜ್ಜಿ ಇರಲಿಲ್ಲ. ಆ ಪೊಟ್ಟಣವನ್ನು ಅಮ್ಮ ಸಂಜೆಯವರೆಗೂ ಅಲ್ಲೇ ಬಿಟ್ಟಿದ್ದಳು. ಯಾರಾದರೂ ಕೇಳಿದರೆ ತೋರಿಸಿ ಹೇಳಲು ಒಂದು ಕಥೆ ಬೇಕಿತ್ತಲ್ಲ.

ಊಟದ ಹೊತ್ತಿಗೆ ಅಮ್ಮ ಕೇಳಿಯೇ ಕೇಳಿದಳು. ಏನೋ ಅದು, ನಿನಗೆ ಗೊತ್ತಿರೋದು? ಅವನು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ, ಹಳೇ ಕಾಲದ ಮಾತು, ಏನೇನೋ ಎಂದ. ಅಮ್ಮ ಅಷ್ಟಕ್ಕೆ ಬಿಟ್ಟಳು. ತಂಗಿ ಬಿಡಲಿಲ್ಲ. ತಟ್ಟೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತಳು.

"ಅಣ್ಣ, ಅಪ್ಪ ಆ ಕೋಣೆ ವಿಷಯ ನಿನ್ನ ಹತ್ರ ಏನಾದ್ರೂ ಹೇಳಿದ್ರಾ?"

"ನಿನಗೆ ಬರೆದಿದ್ದಾರಲ್ಲ. ಅದಕ್ಕಿಂತ ಇನ್ನೇನು ಹೇಳಬೇಕು?"

"ಅತ್ತಿಗೆ ಕೇಳಿಸಿಕೊಂಡು ನೀನು ಮನಸ್ಸು ಬದಲಾಯಿಸಲ್ಲ ತಾನೆ?"

"ಹುಚ್ಚಿ," ಎಂದ ಅವನು.

ಅವಳು ನಕ್ಕು, ಅವನ ಕೈಯಿಂದ ತಟ್ಟೆ ಕಿತ್ತುಕೊಂಡು ತಾನೇ ತೊಳೆದಳು.

ಕೋರ್ಟಿಗೆ ಹೋಗುವ ಮೊದಲು ವಕೀಲರು ಅವನನ್ನು ಕೂರಿಸಿ ಪಾಠ ಹೇಳಿದರು. ನ್ಯಾಯಾಧೀಶರು ಎರಡೇ ವಿಷಯ ಕೇಳುತ್ತಾರೆ. ಇದು ನಿಮ್ಮ ತಂದೆಯ ಸಹಿಯೇ, ಸಹಿ ಹಾಕುವಾಗ ಅವರ ಬುದ್ಧಿ ಸ್ವಾಧೀನದಲ್ಲಿತ್ತೇ. ಹೌದು, ಹೌದು. ಮೂರನೆಯ ಮಾತು ಬೇಡ. "ಕೋರ್ಟಲ್ಲಿ ಕೇಳಿದ್ದಕ್ಕೆ ಉತ್ತರ ಕೊಡೋನು ಜಾಣ, ಕೇಳದ್ದಕ್ಕೂ ಕೊಡೋನು ನನ್ನ ಕಕ್ಷಿದಾರ" ಎಂದು ಅವರೇ ನಕ್ಕರು. ನಿಮ್ಮ ಬಗ್ಗೆ ನನಗೆ ಆ ಭಯವಿಲ್ಲ ಎಂದೂ ಸೇರಿಸಿದರು.

ಕೋರ್ಟಿನ ಕೋಣೆ ಅವರ ಅಂಗಡಿಗಿಂತ ತುಸು ದೊಡ್ಡದಿತ್ತು, ಅಷ್ಟೆ. ಬೆಂಚಿನ ಮೇಲೆ ಒಂದು ಕಡೆ ಅಮ್ಮ, ತಂಗಿ, ಹೆಂಡತಿ. ಇನ್ನೊಂದು ಕಡೆ ಗಾರೆಯಜ್ಜಿ ಒಬ್ಬಳೇ. ಪತ್ರಿಕೆಯಲ್ಲಿ ಬಂದ ನೋಟೀಸನ್ನು ಯಾರಿಂದಲೋ ಓದಿಸಿಕೊಂಡು, ಯಾರಿಂದಲೋ ತಕರಾರು ಬರೆಸಿಕೊಂಡು, ವಕೀಲರಿಲ್ಲದೆ ಬಂದಿದ್ದಳು. ಕೈಯಲ್ಲಿ ಮಡಿಸಿದ ಹಳೆಯ ಪತ್ರ. ಅದರಲ್ಲಿ ಅವಳ ಜಾಗ 'ಹಿಂದಿನ ದೊಡ್ಡ ಮರದವರೆಗೆ' ಎಂದಿತ್ತಂತೆ. ಆ ಮರ ಈಗ ಇರಲಿಲ್ಲ. ಭಟ್ಟಿ ಹೊತ್ತಿಸಿದ ಮೊದಲ ವಾರ ಒಳಗೆ ಉರಿದದ್ದು ಅದೇ ಮರ.

ಅವನನ್ನು ಕೇಳಿದರು. ಸಹಿ ತಂದೆಯವರದೇ? ಹೌದು. ಬುದ್ಧಿ ನೆಟ್ಟಗಿತ್ತೇ? ಇತ್ತು. ಅಷ್ಟೇ. ಕೆಳಗಿಳಿಯುವಾಗ ಅವನ ಕಾಲು ಹಗುರಾಗಿತ್ತು. ಸುಳ್ಳು ಹೇಳಬೇಕಾಗಿ ಬಂದಿರಲಿಲ್ಲ.

ಆಮೇಲೆ ನ್ಯಾಯಾಧೀಶರು ಅಜ್ಜಿಯನ್ನು ಮುಂದೆ ಕರೆದು, ಕಿವಿ ಕೇಳಿಸುತ್ತದೆಯೇ ಎಂದು ವಿಚಾರಿಸಿ, ಸತ್ತವರಿಗೆ ಸಂಬಂಧವೇ ಎಂದು ಕೇಳಿದರು. ಇಲ್ಲ. ಉಯಿಲಿನಲ್ಲಿ ಏನಾದರೂ ಬರೆದಿದ್ದಾರೆಯೇ? ಇಲ್ಲ. ಈ ಉಯಿಲು ಸುಳ್ಳಾದರೆ ನಿಮಗೇನಾದರೂ ಪಾಲು ಬರುತ್ತದೆಯೇ? ಅದೂ ಇಲ್ಲ.

"ಹಾಗಾದ್ರೆ ಯಾಕೆ ಬಂದ್ರಿ ಅಜ್ಜಿ?"

"ಅವರು ನನ್ನ ಜಾಗ ಬರೆದುಕೊಟ್ಟಿದ್ದಾರೆ. ಅದಕ್ಕೆ ಬಂದೆ."

ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು, ಅವಸರವಿಲ್ಲದೆ ವಿವರಿಸಿದರು. ತಮ್ಮ ಮುಂದಿರುವುದು ಒಂದೇ ಪ್ರಶ್ನೆ, ಈ ಉಯಿಲು ಅವರು ಬರೆದದ್ದೇ ಅಲ್ಲವೇ ಎಂಬುದು. ಬರೆದ ಆಸ್ತಿ ಅವರದ್ದೇ ಅಲ್ಲವೇ ಎಂದು ಕೇಳುವ ಅಧಿಕಾರ ಈ ಕೋರ್ಟಿಗಿಲ್ಲ. ಅದರಲ್ಲೂ ಹೊರಗಿನವರು ಬಂದು ಇದು ನಮ್ಮದು ಎಂದರೆ ಕೈ ಹಾಕುವಂತೆಯೇ ಇಲ್ಲ. ಅದಕ್ಕೆ ಬೇರೆ ಕೋರ್ಟಿದೆ, ಬೇರೆ ದಾವೆ.

ಅಜ್ಜಿ ಕೈಯಲ್ಲಿದ್ದ ಪತ್ರವನ್ನು ಇನ್ನೊಂದು ಮಡಿಕೆ ಮಡಿಸಿದಳು.

"ಅಂದ್ರೆ, ಅವರು ಚಂದ್ರನನ್ನ ಮಗಳಿಗೆ ಬರೆದಿದ್ರೂ ನೀವು ಮುದ್ರೆ ಒತ್ತುತ್ತೀರಾ?"

ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ.

"ಒತ್ತುತ್ತೀನಿ. ಆದ್ರೆ ಅದರಿಂದ ಚಂದ್ರ ಆ ಮಗಳದ್ದಾಗಲ್ಲ. ನಿಮ್ಮ ಹಕ್ಕು ಇವತ್ತು ಇಲ್ಲಿ ಹೋಗಲಿಲ್ಲ, ಅದು ಎಲ್ಲಿತ್ತೋ ಅಲ್ಲೇ ಇದೆ. ದಾವೆ ಹಾಕಿ. ಆಗ ನಿಮ್ಮ ಮಾತಿಗೆ ಸಾಕ್ಷಿ ಹೇಳೋರು ಬೇಕಾಗ್ತಾರೆ. ಯಾರಾದ್ರೂ ಇದ್ದಾರಾ?"

ಅಜ್ಜಿ ತಿರುಗಿ ಅವನನ್ನು ನೋಡಿದಳು. ಬೆರಳು ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ನೋಡಿದಳು, ಅಷ್ಟೆ. ಅವನು ತನ್ನ ಉಗುರಿನ ಸಂದಿಯಲ್ಲಿ ಒಣಗಿದ್ದ ಹಿಟ್ಟನ್ನು ಕೆರೆಯುತ್ತಿದ್ದ.

"ನೋಡಬೇಕು," ಎಂದಳು ಅಜ್ಜಿ.

ಹೊರಗಿನ ಮೆಟ್ಟಿಲ ಮೇಲೆ ಅಮ್ಮ ಗೆದ್ದೆವು ಎಂದಾಗ ವಕೀಲರು ತಡೆದರು. ಇದು ಕಾಗದ ಅಸಲಿ ಎಂಬುದಕ್ಕೆ ಮುದ್ರೆಯೇ ಹೊರತು ಜಾಗ ನಿಮ್ಮದು ಎಂಬುದಕ್ಕಲ್ಲ, ಮುದುಕಿ ದಾವೆ ಹಾಕಿದರೆ ಮೊದಲಿನಿಂದ ಆಟ ಶುರು ಎಂದರು. ಹಾಕುತ್ತಾಳೆಯೇ ಎಂದು ತಂಗಿ ಕೇಳಿದಳು. ಆ ವಯಸ್ಸಿನಲ್ಲಿ ಯಾರು ಕೋರ್ಟು ಹತ್ತುತ್ತಾರೆ, ಸಾಕ್ಷಿಯೂ ಇದ್ದಂತಿಲ್ಲ ಎಂದು ಅವರು ಚೀಲ ಹೆಗಲಿಗೇರಿಸಿದರು. ಅಜ್ಜಿ ಅವರನ್ನು ದಾಟಿಕೊಂಡು, ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಅವನು ಕೈ ಕೊಡಲು ಒಂದು ಹೆಜ್ಜೆ ಮುಂದೆ ಹೋದವನು, ಹೆಂಡತಿ ಏನೋ ಕೇಳಿದಳೆಂದು ನಿಂತ.

ಆ ದಿನ ಮನೆಯಲ್ಲಿ ಮಾಂಸ ಬೇಯಿಸಿದರು. ತಂಗಿ ತಾನೇ ಬಡಿಸಿದಳು, ಅತ್ತಿಗೆಯ ತಟ್ಟೆಗೆ ಮೊದಲು. ಹೆಂಡತಿ ಮುಖ ಗಂಟು ಹಾಕಿಕೊಂಡೇ ತಿಂದಳು. ಆ ಮುದುಕಿ ಹೇಳಿದ್ದು ನಿಜವಾಗಿದ್ದರೂ ಚೆನ್ನಾಗಿರುತ್ತಿತ್ತು ಎಂದು ಅವನಿಗೆ ಮಾತ್ರ ಕೇಳುವಂತೆ ಗೊಣಗಿದಳು. ಅಮ್ಮನಿಗೆ ಮುಖದ ಗಂಟು ಕಾಣದೆ ಇರುತ್ತದೆಯೇ. ಮಗಳೇ, ನಿನ್ನ ಅಣ್ಣ ಭಟ್ಟಿ ಉರಿಸುವುದಕ್ಕೆ ಏನು ಬಾಡಿಗೆ ಇಸ್ಕೊಳ್ತೀಯೋ ಇವಳ ಮುಂದೆಯೇ ಹೇಳಿಬಿಡು, ಆಮೇಲೆ ರಗಳೆ ಬೇಡ ಎಂದಳು.

ತಂಗಿ ನಕ್ಕಳು.

"ಅಣ್ಣನ ಹತ್ರ ಬಾಡಿಗೆ ತಗೋತೀನಾ? ದಿನಾ ಒಂದು ಬ್ರೆಡ್ಡು ಕೊಟ್ರೆ ಸಾಕು. ಮೊದಲನೇದು ಕೊಡಬೇಕು ಮತ್ತೆ. ಆ ಮುದುಕಿಗೆ ಕೊಡ್ತಿದ್ರಲ್ಲ, ಅದು."

ಎಲ್ಲರೂ ನಕ್ಕರು, ಹೆಂಡತಿ ಕೂಡ. ಅವನು ಮಾಂಸದ ಪಾತ್ರೆಯನ್ನು ತಂಗಿಯ ಕಡೆ ಸರಿಸಿದ. ಮರುದಿನದಿಂದ ಮೊದಲ ಬ್ರೆಡ್ಡು ಮಹಡಿ ಹತ್ತತೊಡಗಿತು.

ಒಂದು ಬೆಳಿಗ್ಗೆ ಅವನು ಸೌದೆ ಒಟ್ಟುತ್ತಿದ್ದಾಗ ಕಿಂಡಿಯ ಬಾಗಿಲನ್ನು ಆಚೆಯಿಂದ ಮೆಲ್ಲಗೆ ತಟ್ಟಿದ ಸದ್ದಾಯಿತು. ತೆರೆದ. ಅಜ್ಜಿಯ ಮುಖ ಕಿಂಡಿಯ ಚೌಕಟ್ಟಿನಲ್ಲಿ ಫೋಟೋದ ಹಾಗೆ ಕೂತಿತ್ತು.

"ದಾವೆ ಹಾಕಲ್ಲ ಮಗಾ," ಎಂದಳು. "ನನ್ನ ಕಾಲಿಗೆ ಆ ಮೆಟ್ಟಿಲು ಆಗಲ್ಲ. ಜಾಗ ಹೊತ್ಕೊಂಡು ಹೋಗ್ತೀನಾ ನಾನು? ನಿನ್ನ ತಂಗೀನೇ ಇಟ್ಕೊಳ್ಳಲಿ. ಪಾಪ, ಅವಳೂ ಗಂಡನ ಮನೆ ಬಿಟ್ಟು ಬಂದೋಳು."

ಅವನು ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟ.

"ನಿಮ್ಮನೆಯವರ ಮುಂದೆ ಒಂದು ಮಾತು ಹೇಳು. ಇಷ್ಟು ವರ್ಷ ನಾನು ತಿಂದದ್ದು ಭಿಕ್ಷೆ ಅಲ್ಲ ಅಂತ. ಗಿರಾಕಿಗಳ ಮುಂದೆ ನಿಮ್ಮಮ್ಮ ಹಳೇ ಬ್ರೆಡ್ಡು ಸುತ್ತಿ ಕೊಟ್ಟಳಲ್ಲ, ಅವತ್ತಿಂದ ಈ ಬೀದೀಲಿ ತಲೆ ಎತ್ತಿ ನಡೆಯಕ್ಕಾಗ್ತಿಲ್ಲ. ಅಷ್ಟು ಹೇಳು, ಸಾಕು."

"ಹೇಳ್ತೀನಿ ಅಜ್ಜಿ."

"ಯಾವಾಗ?"

"ನಾಳೆ."

ಆ ಸಂಜೆಯೇ ಅವನು ಹೇಳಬೇಕೆಂದು ಕೂತ. ಮಾತನ್ನು ಹೇಗೆ ಶುರು ಮಾಡಬೇಕು ಎಂದು ಹಿಟ್ಟು ನಾದುವಾಗಲೇ ಜೋಡಿಸಿಕೊಂಡಿದ್ದ. ಆದರೆ ತಂಗಿ ಹೊಸ ಬಟ್ಟೆಯ ಮಾದರಿ ತುಂಡುಗಳನ್ನು ಊಟದ ಮೇಜಿನ ಮೇಲೇ ಹರಡಿದ್ದಳು. ಬ್ಯಾಂಕಿನವರು ಒಪ್ಪಿದ್ದರು. ಹೆಂಡತಿ ಒಂದು ನೀಲಿ ತುಂಡನ್ನು ಬೆಳಕಿಗೆ ಹಿಡಿದು, ಇದು ಒಗೆದರೆ ಬಣ್ಣ ಬಿಡುತ್ತದೆ ನೋಡು ಎಂದು ಬುದ್ಧಿ ಹೇಳುತ್ತಿದ್ದಳು. ತಂಗಿ, ಹೌದಾ ಅತ್ತಿಗೆ, ಎಂದು ಕೇಳಿಸಿಕೊಳ್ಳುತ್ತಿದ್ದಳು. ಅಮ್ಮ ಇಬ್ಬರನ್ನೂ ನೋಡುತ್ತಾ ತಿನ್ನುವುದನ್ನೇ ಮರೆತಿದ್ದಳು. ಅವನು ಬಾಯಿ ತೆರೆದ. ಮೂವರೂ ಅವನ ಕಡೆ ತಿರುಗಿದರು.

"ಸ್ವಲ್ಪ ಉಪ್ಪು ಕೊಡಿ," ಎಂದ.

ನಾಳೆಗೆ ಒಂದು ನಾಳೆ, ಅದಕ್ಕೆ ಇನ್ನೊಂದು. ಕಿಂಡಿಯ ಬಾಗಿಲು ತಟ್ಟಿದರೆ ಅವನು ಭಟ್ಟಿಯ ಕಬ್ಬಿಣದ ಮುಚ್ಚಳವನ್ನು ಸದ್ದು ಮಾಡಿ ಎಳೆಯುತ್ತಿದ್ದ, ಕೇಳಿಸಲಿಲ್ಲ ಎನ್ನುವ ಹಾಗೆ. ಕೆಲವು ದಿನಕ್ಕೆ ತಟ್ಟುವುದೂ ನಿಂತಿತು.

ಕಿಂಡಿಯನ್ನು ಮುಚ್ಚಿಸಿಬಿಡಿ ಎಂದದ್ದು ವಕೀಲರು. ಮುಂದೆ ಯಾರಾದರೂ ಬಂದು, ಆಚೆ ಮನೆಗೆ ಬಾಯಿ ತೆರೆದ ಈ ತೆರಪು ಯಾಕಿದೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ತಂಗಿಗೆ ಅದು ಸರಿ ಎನಿಸಿತು. ಕೋಣೆ ಅವಳದು, ಮಾತು ಅವಳದು. ಕೂಲಿಯವನನ್ನು ಕರೆಯುವಷ್ಟು ಕೆಲಸವಲ್ಲ ಅಣ್ಣ, ಒಂದು ಡಜನ್ ಇಟ್ಟಿಗೆ, ನೀನೇ ಹಾಕಿಬಿಡು ಎಂದಳು.

ಭಾನುವಾರ ಅಂಗಡಿ ಬೇಗ ಮುಚ್ಚಿ ಅವನು ಕಿಂಡಿಯ ಮರದ ಬಾಗಿಲನ್ನು ಕಿತ್ತ. ಸಿಮೆಂಟು ಮರಳು ಕಲಸಿ, ಮೊದಲ ಸಾಲು ಇಟ್ಟ. ಎರಡನೆಯ ಸಾಲಿಗೆ ಇಟ್ಟಿಗೆ ಎತ್ತಿಕೊಂಡಾಗ ಆಚೆ ಚಪ್ಪಲಿ ಎಳೆದ ಸದ್ದು. ಅಜ್ಜಿ ಬಂದು ಕಿಂಡಿಯ ಎದುರು ನಿಂತಳು. ಅವನು ಮಾಡುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಇಟ್ಟಿಗೆ ನೆನೆಹಾಕಿದ್ದೀಯಾ?"

"ಇಲ್ಲ."

"ಒಣ ಇಟ್ಟಿಗೆ ಗಾರೆಯ ನೀರೆಲ್ಲ ಕುಡಿದುಬಿಡತ್ತೆ. ಆಮೇಲೆ ಬೆಕ್ಕು ಹಾರಿದ್ರೂ ಉದುರತ್ತೆ. ನೆನೆಹಾಕು."

ಅವನು ಇಟ್ಟ ಸಾಲನ್ನು ತೆಗೆದು, ಎಲ್ಲ ಇಟ್ಟಿಗೆಗಳನ್ನೂ ಬಕೆಟ್ಟಿನಲ್ಲಿ ಮುಳುಗಿಸಿದ. ಇಟ್ಟಿಗೆಯಿಂದ ಗುಳ್ಳೆ ಏಳತೊಡಗಿತು. ಗುಳ್ಳೆ ನಿಲ್ಲುವ ತನಕ ಕಾಯಬೇಕಿತ್ತು. ಗೋಡೆಯ ಈಚೆ ಅವನು, ಆಚೆ ಅವಳು, ನಡುವೆ ಇನ್ನೂ ಮುಚ್ಚದ ತೆರಪು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಹಡಿಯಿಂದ ಹೊಸ ಯಂತ್ರಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಒಮ್ಮೆ ಕೂಗಿದರೆ ತಂಗಿ ಕೆಳಗಿಳಿದು ಬರುತ್ತಿದ್ದಳು. ಅಮ್ಮನೂ ಬರುತ್ತಿದ್ದಳು. ಹೇಳಬೇಕಾದದ್ದು ಬಹಳ ಉದ್ದದ ಮಾತೂ ಆಗಿರಲಿಲ್ಲ.

"ನಿಮ್ಮಪ್ಪ ಬಾಯಿ ತುಂಬ ಮಾತಾಡ್ತಿದ್ದ," ಎಂದಳು ಅಜ್ಜಿ. "ನೀನು ನಮ್ಮವರ ಹಾಗೆ. ಅವರೂ ಹೀಗೇ, ಬಾಯಿಗೂ ಗಾರೆ ಮೆತ್ತಿಕೊಂಡಿರ್ತಿದ್ರು."

ಅವನಿಗೆ ನಗು ಬರುವಂತಾಯಿತು. ಬಗ್ಗಿ ಬಕೆಟ್ಟು ನೋಡಿದ. ಗುಳ್ಳೆ ನಿಂತಿತ್ತು.

ಒಂದು ಸಾಲು, ಎರಡು ಸಾಲು. ಅವಳ ಎದೆ ಮರೆಯಾಯಿತು, ಗದ್ದ ಮರೆಯಾಯಿತು. ಮೂಲೆ ಗಟ್ಟಿ ಮಾಡು, ಸಂದಿಗೆ ಇನ್ನಷ್ಟು ತುಂಬು ಎಂದು ಅವಳು ನಡುನಡುವೆ ಹೇಳುತ್ತಿದ್ದಳು. ಅವಳು ಹೇಳಿದ ಹಾಗೆ ಅವನು ಮಾಡುತ್ತಿದ್ದ. ಕೊನೆಯ ಇಟ್ಟಿಗೆಯ ಜಾಗದಲ್ಲಿ ಅವಳ ಕಣ್ಣುಗಳಷ್ಟೇ ಉಳಿದವು. ಅವನು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಿಂತ. ಅವಳೂ ನಿಂತಳು. ಒದ್ದೆ ಇಟ್ಟಿಗೆಯಿಂದ ನೀರು ಅವನ ಮೊಣಕೈವರೆಗೆ ಹರಿಯಿತು.

ಅವಳೇ ಮೊದಲು ಕಣ್ಣು ತೆಗೆದಳು. "ಹಾಕು, ಗಾರೆ ಒಣಗತ್ತೆ," ಎಂದಳು.

ಹಾಕಿದ.

ಮರುದಿನ ಮೊದಲ ಬ್ರೆಡ್ಡನ್ನು ಅವನು ಎಂದಿನಂತೆ ಮಹಡಿಗೆ ಕೊಂಡುಹೋದ. ತಂಗಿ ಯಂತ್ರ ನಿಲ್ಲಿಸಿ, ಬಿಸಿ ತಾಳದೆ ಕೈಯಿಂದ ಕೈಗೆ ಹಾರಿಸುತ್ತಾ ಒಂದು ತುಂಡು ಮುರಿದು ಚಹಾದಲ್ಲಿ ಅದ್ದಿಕೊಂಡಳು. ಕಿಟಕಿಯಿಂದ ಅಜ್ಜಿಯ ಹಿತ್ತಲು ಕಾಣುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗ, ಮುಚ್ಚಿದ ಬಾಗಿಲು.

"ಒಳ್ಳೆಯವಳು ಅಂದ್ಕೊಂಡಿದ್ದೆ," ಎಂದಳು ತಂಗಿ. "ಇಷ್ಟು ವರ್ಷ ನಮ್ಮ ಬ್ರೆಡ್ಡು ಬಿಟ್ಟಿ ತಿಂದು ಕೊನೆಗೆ ನಮ್ಮ ಜಾಗಕ್ಕೇ ಕಣ್ಣು ಹಾಕಿದಳಲ್ಲ ಅಣ್ಣ. ಒಂದು ನಿಯತ್ತು ಬೇಡ್ವಾ?"

ಅವನು ಹಿಂದಿನ ದಿನದ ಖಾಲಿ ಲೋಟ ಎತ್ತಿಕೊಂಡು ಕೆಳಗಿಳಿದ.